ಗುಂಪಿದ್ದರೆ ಗುಟ್ಟು

ಪುಟ್ಟಿ,

ಕಂಪನಿ ಕೆಲಸ ಬಿಟ್ಟು ಬಳಸುವವರ ಗುರುತು ಮುಚ್ಚಿಡುವ ಟಾರ್‌ನಂಥ ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುತ್ತೇನೆ ಎಂದು ನೀನು ಹೇಳಿದಾಗಿನಿಂದ ನಿನ್ನಪ್ಪನಿಗೆ ನಿದ್ದೆ ಇಲ್ಲ. "ಅಣ್ಣಾ, ಕಳ್ಳಕಾಕರಿಗೆ ಅನುಕೂಲ ಮಾಡಿಕೊಡೋ ಕೆಲಸವಂತೆ, ನೀನಾದರೂ ಬುದ್ಧಿ ಹೇಳು" ಎಂದು ಗಂಟುಬಿದ್ದಿದ್ದಾನೆ. ಹೇಳುತ್ತೇನೆ, ಆದರೆ ಅವನು ಬಯಸಿದ ಬುದ್ಧಿಯಲ್ಲ. ಹೋಗು ಅನ್ನುವುದೇ ನನ್ನ ಮಾತು. ಹೋಗುವ ಮುಂಚೆ ತಿಳಿದಿರಬೇಕಾದ್ದು ಒಂದಷ್ಟಿದೆ.

ನನ್ನ ನೌಕರಿಯೆಲ್ಲ ಕಳೆದದ್ದು ನಿನ್ನ ಎದುರು ಪಕ್ಷದಲ್ಲಿ, ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿ. ಇಂತಿಂಥ ತಾಣಗಳನ್ನು ತಡೆಯಿರಿ ಎಂಬ ಆದೇಶ ಬಂದರೆ ಜಾರಿ ಮಾಡುವ ಮೇಜು ನಮ್ಮದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ, ಅದರಡಿ 2009ರಲ್ಲಿ ಬಂದ ನಿಯಮಗಳು. ಆ ನಿಯಮಗಳ ಪ್ರಕಾರ ಆದೇಶವೇ ಗೋಪ್ಯ. ಯಾಕೆ ತಡೆದಿರಿ ಎಂದು ಗ್ರಾಹಕ ಫೋನ್ ಮಾಡಿ ಬೈದರೂ ಹೇಳುವ ಹಾಗಿಲ್ಲ. ಕೆಲಸ ಮಾತ್ರ ಬಹಳ ಸಣ್ಣದು. ಪಟ್ಟಿ ತೆರೆಯಬೇಕು, ಡಿಎನ್‌ಎಸ್ ಸರ್ವರ್‌ನಲ್ಲಿ ಆ ಹೆಸರಿಗೆ ಸುಳ್ಳು ವಿಳಾಸವೊಂದನ್ನು ಬರೆಯಬೇಕು, ಸೇವೆಯನ್ನು ರೀಲೋಡ್ ಮಾಡಬೇಕು. ಕಾಫಿ ಆರುವುದರೊಳಗೆ ಮುಗಿಯುತ್ತದೆ. ಆದೇಶದಲ್ಲಿ ಒಂದೇ ಒಂದು ಪುಟದ ಹೆಸರಿದ್ದರೂ ಎಚ್‌ಟಿಟಿಪಿಎಸ್ ಬಂದ ಮೇಲೆ ನಮಗೆ ಕಾಣುವುದು ತಾಣದ ಹೆಸರಷ್ಟೇ, ಪುಟ ಕಾಣುವುದಿಲ್ಲ. ಹಾಗಾಗಿ ಇಡೀ ತಾಣಕ್ಕೇ ಬೀಗ. 2014ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕಳಿಸಿದ 32 ವಿಳಾಸಗಳ ಪಟ್ಟಿ ನಿನಗೆ ನೆನಪಿರಲಾರದು, ಆಗ ನೀನು ಹೈಸ್ಕೂಲು. ವಿಮಿಯೊ, ಇಂಟರ್ನೆಟ್ ಆರ್ಕೈವ್, ಪೇಸ್ಟ್‌ಬಿನ್ ಜೊತೆಗೆ ಗಿಟ್‌ಹಬ್‌ನ ಕೋಡ್ ಹಂಚಿಕೆಯ ಭಾಗವೂ ಅದರಲ್ಲಿತ್ತು. ಭಯೋತ್ಪಾದಕರ ಬರಹ ತಡೆಯಲು ಹೊರಟು ಬೆಂಗಳೂರಿನ ಪ್ರೋಗ್ರಾಮರ್‌ಗಳ ಕೈ ಕಟ್ಟಿದ ಹಾಗಾಯಿತು. ಕೆಲವು ದಿನಗಳಲ್ಲೇ ಹಲವನ್ನು ಬಿಡಿಸಬೇಕಾಗಿ ಬಂತು.

ತಡೆಯುವವರೆಲ್ಲ ರಾಕ್ಷಸರಲ್ಲ ಎಂದು ನಿನಗೆ ಗೊತ್ತಿರಲಿ ಅಂತ ಇದನ್ನು ಹೇಳಿದೆ. ಬಹುಪಾಲು ಮಂದಿ ನನ್ನ ಹಾಗೆ ಪಟ್ಟಿ ನೋಡಿ ಟೈಪ್ ಮಾಡುವವರು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿಯ ಸಂಶೋಧಕರು 2020ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಸಿಕ್ಕಿದ್ದೂ ಅದೇ ಚಿತ್ರ. ಒಂದು ಕಂಪನಿ ತಡೆದ ತಾಣ ಇನ್ನೊಂದರಲ್ಲಿ ತೆರೆಯುತ್ತದೆ. ಒಬ್ಬರದು ಡಿಎನ್‌ಎಸ್ ತಡೆ, ಇನ್ನೊಬ್ಬರು ಸಂಪರ್ಕದ ಶುರುವಿನಲ್ಲಿ ಬಯಲಾಗಿ ಹೋಗುವ ತಾಣದ ಹೆಸರನ್ನು, ಅಂದರೆ ಎಸ್‌ಎನ್‌ಐಯನ್ನು ಓದಿ ತಂತಿ ಕತ್ತರಿಸುತ್ತಾರೆ. ನಮ್ಮಲ್ಲಿ ಇದೆಲ್ಲ ಇನ್ನೂ ಒಂದು ರೀತಿಯ ಗೊಂದಲ. ಚೀನಾ, ಇರಾನ್, ರಷ್ಯಾದಲ್ಲಿ ಹಾಗಲ್ಲ. ಅಲ್ಲಿ ನಿನ್ನಷ್ಟೇ ಓದಿದವರು, ನಿನ್ನಷ್ಟೇ ಜಾಣರು, ಸಂಬಳ ತೆಗೆದುಕೊಂಡು ದಿನವಿಡೀ ನಿನ್ನ ಕೋಡ್ ಓದುತ್ತಾರೆ. ಮುಕ್ತ ತಂತ್ರಾಂಶ ತಾನೇ, ಅವರಿಗೂ ಮುಕ್ತ.

ಟಾರ್ ಹೇಗೆ ನಡೆಯುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಆದರೆ ಈ ಕಾಗದವನ್ನು ನಿನ್ನಪ್ಪ ಓದದೆ ಬಿಡುವುದಿಲ್ಲ, ಅವನಿಗಾಗಿ ನಾಲ್ಕು ಸಾಲು. ನೀನು ಕಳಿಸುವ ಮಾಹಿತಿ ಜಗತ್ತಿನ ಬೇರೆ ಬೇರೆ ಕಡೆ ಸ್ವಯಂಸೇವಕರು ನಡೆಸುವ ಮೂರು ಕಂಪ್ಯೂಟರ್‌ಗಳನ್ನು ಹಾದು ಹೋಗುತ್ತದೆ. ಮೊದಲನೆಯದಕ್ಕೆ ನೀನು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೀಯೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಇದೇ ಉದ್ದೇಶಕ್ಕೆ ಜನ ಬಳಸುವ ವಿಪಿಎನ್‌ನಲ್ಲಿ ನಡುವೆ ಇರುವುದು ಒಂದೇ ಕಂಪನಿ, ಅದಕ್ಕೆ ಎರಡೂ ಗೊತ್ತಿರುತ್ತದೆ. ಅಲ್ಲಿರುವುದು ನಂಬಿಕೆ ಮಾತ್ರ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ನಂಬಿಕೆಗೆ ಬಿಟ್ಟದ್ದನ್ನು ಒಂದು ಸುತ್ತೋಲೆ ಬದಲಾಯಿಸಬಲ್ಲದು ಎಂದಾಯಿತಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ವಯಸ್ಸಿನವರಿಗೆ ಗೂಢಲಿಪಿಯ ಗಣಿತದ ಮೇಲೆ ವ್ಯಾಮೋಹ ಜಾಸ್ತಿ. ಗಣಿತ ಗಟ್ಟಿಯಾಗಿಯೇ ಇದೆ. ಆದರೆ ಬಳಸುವವನನ್ನು ಕಾಯುವುದು ಅವನ ಅಕ್ಕಪಕ್ಕದಲ್ಲಿರುವ ಜನ. ಜಾತ್ರೆಯಲ್ಲಿ ಒಬ್ಬನನ್ನು ಹುಡುಕುವುದು ಕಷ್ಟ. ಜಾತ್ರೆ ಮುಗಿದ ಮೈದಾನದಲ್ಲಿ ಒಬ್ಬನೇ ನಿಂತಿದ್ದರೆ ಮುಖಕ್ಕೆ ಬಟ್ಟೆ ಸುತ್ತಿಕೊಂಡೂ ಪ್ರಯೋಜನವಿಲ್ಲ.

ಅಮೆರಿಕದ ನೌಕಾಪಡೆಯ ಸಂಶೋಧನಾಲಯಕ್ಕೆ ಇದು ಮೊದಲೇ ಹೊಳೆದಿತ್ತು. 1990ರ ದಶಕದ ನಡುವಿನಲ್ಲಿ ಪಾಲ್ ಸೈವರ್ಸನ್, ಮೈಕೆಲ್ ರೀಡ್, ಡೇವಿಡ್ ಗೋಲ್ಡ್‌ಷ್ಲಾಗ್ ಅಲ್ಲಿ ಕೂತು, ಟಾರ್‌ನ ಬುಡದಲ್ಲಿರುವ ಪದರ ಪದರದ ಗೂಢಲಿಪಿಯ ಯೋಚನೆ ಕಟ್ಟಿದರು. ನೌಕಾಪಡೆಯವರು ಮಾತ್ರ ಬಳಸುವ ಜಾಲವಾದರೆ ಅದರಿಂದ ಹೊರಬಂದ ಪ್ರತಿಯೊಬ್ಬನೂ ನೌಕಾಪಡೆಯವನೇ ಎಂದು ಶತ್ರುವಿಗೆ ತಿಳಿದುಹೋಗುತ್ತದೆ. ಗುಟ್ಟು ಉಳಿಯಬೇಕಾದರೆ ಊರಿನವರೆಲ್ಲ ಬಳಸಬೇಕು. ಆಮೇಲೆ ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಸೇರಿಕೊಂಡರು, 2002ರ ಅಕ್ಟೋಬರ್‌ನಲ್ಲಿ ಟಾರ್ ಜಾಲ ಶುರುವಾಯಿತು, ಕೋಡ್ ಮುಕ್ತವಾಗಿ ಹೊರಬಂತು, 2006ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ಅಮೆರಿಕದ ದುಡ್ಡು, ಅಮೆರಿಕದ ಪಿತೂರಿ ಎಂದು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ಅಮೆರಿಕ ಸರ್ಕಾರದ ದುಡ್ಡು ಬಹಳ ಬಂದಿರುವುದು ನಿಜ, ಮುಚ್ಚಿಡಬೇಡ. ಕೋಡ್ ತೆರೆದು ತೋರಿಸು. ತೆರೆದ ಕೋಡ್‌ನಿಂದಲೇ ಈ ಬ್ರೌಸರ್ ತಯಾರಾಗಿದೆಯೆಂದು ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಕಟ್ಟಿ, ಬಿಟ್ ಬಿಟ್ ಹೋಲಿಸಿ ನೋಡುವ ವ್ಯವಸ್ಥೆಯನ್ನು ಟಾರ್ ಬ್ರೌಸರ್ ತಂಡ 2013ರಲ್ಲೇ ಮಾಡಿಕೊಂಡಿತು. ಅದು ಬಾಯಿಮಾತಿನ ಸಮರ್ಥನೆಗಿಂತ ಗಟ್ಟಿ.

ಗುಂಪಿಲ್ಲದಿದ್ದರೆ ಏನಾಗುತ್ತದೆ? 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹುಡುಗನೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಬಾಂಬ್ ಇಟ್ಟಿದೆ ಎಂದು ಸುಳ್ಳು ಇಮೇಲ್ ಕಳಿಸಿದ. ಟಾರ್ ಮೂಲಕವೇ ಕಳಿಸಿದ್ದ. ಆದರೆ ವಿಶ್ವವಿದ್ಯಾಲಯದ ವೈಫೈನಲ್ಲೇ ಕೂತಿದ್ದ. ಪೊಲೀಸರು ಟಾರ್ ಅನ್ನು ಮುರಿಯಲಿಲ್ಲ. ಆ ಹೊತ್ತಿನಲ್ಲಿ ಕ್ಯಾಂಪಸ್ಸಿನಿಂದ ಟಾರ್‌ಗೆ ಸಂಪರ್ಕ ಮಾಡಿದವರು ಯಾರೆಂದು ಲಾಗ್ ತೆಗೆಸಿ ನೋಡಿದರು, ಹೋಗಿ ಬಾಗಿಲು ಬಡಿದರು, ಅವನು ಒಪ್ಪಿಕೊಂಡ. ಅವನಿಗೆ ಆದದ್ದು ಸರಿಯಾಯಿತು ಬಿಡು. ಅದೇ ಜಾಗದಲ್ಲಿ ಅಧಿಕಾರಿಯ ಲಂಚದ ಕಾಗದ ಪತ್ರಕರ್ತನಿಗೆ ಕಳಿಸುವ ಗುಮಾಸ್ತನೊಬ್ಬ ಕೂತಿದ್ದಾನೆ ಅಂದುಕೋ. ಇಡೀ ಕಚೇರಿಯಲ್ಲಿ ಟಾರ್ ಬಳಸಿದವನು ಅವನೊಬ್ಬನೇ ಆದರೆ ನಿನ್ನ ತಂತ್ರಾಂಶವೇ ಅವನನ್ನು ಹಿಡಿದುಕೊಟ್ಟ ಹಾಗೆ.

ಆದ್ದರಿಂದ ಅಡುಗೆ ವಿಧಾನ ಹುಡುಕುವವರು, ಕ್ರಿಕೆಟ್ ಸ್ಕೋರ್ ನೋಡುವವರು, ಕಾಯಿಲೆಯ ಹೆಸರು ಗೂಗಲ್ ಮಾಡಲು ಸಂಕೋಚಪಡುವವರು, ಇವರೆಲ್ಲ ನಿನ್ನ ತಂತ್ರಾಂಶ ಬಳಸುವಂತಾಗಬೇಕು. ಸುಲಭವಾಗಿ ಬಳಸಲು ಬರುವುದು ಭದ್ರತೆಯ ಒಂದು ಭಾಗವೆಂದು ಡಿಂಗಲ್‌ಡೈನ್, ಮ್ಯಾಥ್ಯೂಸನ್ 2006ರಲ್ಲೇ ಪ್ರಬಂಧ ಬರೆದಿದ್ದರು. ಬಟನ್ ಎಲ್ಲಿರಬೇಕು, ತಪ್ಪಾದಾಗ ತೆರೆಯ ಮೇಲೆ ಏನು ಬರೆದಿರಬೇಕು ಎಂದು ಯೋಚಿಸುವ ಕೆಲಸ ಕೊಟ್ಟರೆ ಮೂಗು ಮುರಿಯಬೇಡ. ನಿಮ್ಮಮ್ಮನ ಹಳೆಯ ಫೋನಿನಲ್ಲಿ, ಸಂಜೆ ಏಳರ ಹೊತ್ತಿಗೆ ನೆಟ್ ಕುಂಟುವ ಸಮಯದಲ್ಲಿ ಪರೀಕ್ಷೆ ಮಾಡು. ಅವಳು ಏನನ್ನು ಒತ್ತಿದಳು, ಎಲ್ಲಿ ತಡೆದಳು, ಎಲ್ಲಿ "ಇದೇನೇ ಇದು" ಅಂದಳು, ಬರೆದುಕೋ. ನಡುವೆ ಬಾಯಿ ಹಾಕಬೇಡ. ಸಹಾಯದ ಪುಟವನ್ನು ಕನ್ನಡದಲ್ಲಿ ಬರೆ, ಬರೆದ ಮೇಲೆ ಕಂಪ್ಯೂಟರ್ ಗೊತ್ತಿಲ್ಲದವರಿಗೆ ಓದಿ ಹೇಳು.

ಗುಂಪಿನಲ್ಲಿ ಕರಗಬೇಕೆನ್ನುವ ಮಾತು ಮನುಷ್ಯರಿಗಷ್ಟೇ ಅಲ್ಲ, ತಂತಿಯ ಮೇಲೆ ಹೋಗುವ ಬೈಟ್‌ಗಳಿಗೂ ಹೊಂದುತ್ತದೆ. 2011ರ ಸೆಪ್ಟೆಂಬರ್‌ನಲ್ಲಿ ಇರಾನ್‌ನಲ್ಲಿ ಒಂದು ದಿನ ಟಾರ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಬಹಳ ಸಣ್ಣ ಸಂಗತಿ. ಟಾರ್ ಸಂಪರ್ಕ ಮಾಡುವಾಗ ಸಾಮಾನ್ಯ ಸುರಕ್ಷಿತ ತಾಣದಂತೆಯೇ ಒಂದು ಪ್ರಮಾಣಪತ್ರ ತೋರಿಸುತ್ತದೆ. ಬ್ಯಾಂಕು, ಅಂಗಡಿ ತಾಣಗಳ ಪ್ರಮಾಣಪತ್ರದ ಅವಧಿ ಆಗೆಲ್ಲ ಒಂದು ವರ್ಷದ ಆಸುಪಾಸು. ಟಾರ್‌ನದು 2 ಗಂಟೆ. ಜಗತ್ತಿನಲ್ಲಿ ಬೇರೆ ಯಾರೂ 2 ಗಂಟೆಯ ಪ್ರಮಾಣಪತ್ರ ಹಿಡಿದು ಓಡಾಡುತ್ತಿರಲಿಲ್ಲ. ಇರಾನಿನ ಎಂಜಿನಿಯರ್ ಯಾರೋ ಅದನ್ನು ಗಮನಿಸಿದ, ಸೋಸುವ ಯಂತ್ರಕ್ಕೆ ಒಂದು ನಿಯಮ ಸೇರಿಸಿದ. ಅಷ್ಟೇ. ಟಾರ್‌ನವರು ಅದೇ ದಿನ ಅವಧಿಯನ್ನು ಹಿಗ್ಗಿಸಿ ಹೊಸ ಆವೃತ್ತಿ ಬಿಟ್ಟರು. ನನಗೆ ಬಹಳ ಹಿಡಿಸಿದ್ದು ಬೇರೆ: ಬದಲಾವಣೆ ಬೇಕಿದ್ದದ್ದು ಹೊರಗಿನ ಸ್ವಯಂಸೇವಕರ ಸರ್ವರ್‌ಗಳಲ್ಲಿ ಮಾತ್ರ. ಇರಾನಿನೊಳಗೆ ಕೂತವರು ಹೊಸದೇನನ್ನೂ ಇಳಿಸಿಕೊಳ್ಳಬೇಕಾಗಿರಲಿಲ್ಲ. ದುರಸ್ತಿಯ ಭಾರ ಯಾರ ತಲೆಯ ಮೇಲೆ ಬೀಳಬೇಕೆಂದು ಮೊದಲೇ ಯೋಚಿಸಿದವರ ಕೆಲಸ ಹಾಗಿರುತ್ತದೆ.

ಹನ್ನೊಂದು ವರ್ಷದ ಮೇಲೆ ಅದೇ ಇರಾನ್, ಅದೇ ಪಾಠ. 2022ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ವಶದಲ್ಲಿದ್ದ ಮಹ್ಸಾ ಅಮಿನಿ ಸತ್ತು ಜನ ಬೀದಿಗಿಳಿದಾಗ, ಟಾರ್‌ಗೆ ದಾರಿ ಮಾಡಿಕೊಡುವ ಸ್ನೋಫ್ಲೇಕ್ ಬಳಸುವವರ ಸಂಖ್ಯೆ ಏಕಾಏಕಿ ಏರಿತು. ನೀನು ಕೈ ಹಾಕಬೇಕೆಂದಿರುವುದೂ ಅದಕ್ಕೇ ಅಲ್ಲವೇ? ಯಾರದೋ ಮನೆಯ ಬ್ರೌಸರ್ ಸ್ವಲ್ಪ ಹೊತ್ತು ಸೇತುವೆಯಾಗಿ ಕೆಲಸ ಮಾಡುತ್ತದೆ, ನೋಡುವವರಿಗೆ ಅದು ವಿಡಿಯೊ ಕರೆಯ ಹಾಗೆ ಕಾಣುತ್ತದೆ. ಇಂಥ ಸೇತುವೆಗಳು ಬಂದು ಹೋಗುತ್ತಿರುವುದರಿಂದ ಪಟ್ಟಿ ಮಾಡಿ ತಡೆಯುವುದು ಕಷ್ಟ. ಆದರೆ ಅಕ್ಟೋಬರ್ 4ರಂದು ಬಳಕೆ ದಿಢೀರನೆ ಕುಸಿಯಿತು. ಸ್ನೋಫ್ಲೇಕ್ ಬರೆದಿರುವುದು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಗೋದ ಕೋಡ್ ಲೈಬ್ರರಿ ಸಂಪರ್ಕದ ಮೊದಲ ಸಂದೇಶದಲ್ಲಿ ತನಗೆ ಗೊತ್ತಿರುವ ಗೂಢಲಿಪಿಗಳನ್ನು ಹೇಳುವ ಕ್ರಮ ಕ್ರೋಮ್, ಫೈರ್‌ಫಾಕ್ಸ್‌ಗಳ ಕ್ರಮದಂತಿಲ್ಲ. ಆ ಸಂದೇಶ ಬಯಲಲ್ಲೇ ಹೋಗುತ್ತದೆ. ತಡೆಯುವವರು ಹಿಡಿದದ್ದು ಆ ವ್ಯತ್ಯಾಸವನ್ನು. ನಿಜವಾದ ಬ್ರೌಸರ್‌ನ ಮೊದಲ ಸಂದೇಶವನ್ನೇ ಅಚ್ಚುಹಾಕುವ ಲೈಬ್ರರಿಯನ್ನು ಜೋಡಿಸಿದ ಮೇಲೆ ಜನ ಮತ್ತೆ ಬಂದರು. ನಿನ್ನ ಕೋಡ್ ಎಲ್ಲಿ ವಿಶೇಷವಾಗಿ ಕಾಣುತ್ತದೋ ಅಲ್ಲೇ ಯಾರದೋ ಕುತ್ತಿಗೆ ಸಿಕ್ಕಿಬೀಳುತ್ತದೆ. ಜಾಣತನ ತೋರಿಸುವ ಆಸೆ ಬಂದಾಗಲೆಲ್ಲ ಈ ಎರಡು ದಿನಗಳನ್ನು ನೆನೆಸಿಕೋ.

ಆಗದ್ದನ್ನು ಆಗದು ಎಂದು ಹೇಳುವುದು ಇನ್ನೂ ಕಷ್ಟದ ಕೆಲಸ. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಎಂಬ ಭದ್ರತಾ ಸಲಹೆಗಾರ ಕೆಲವು ಟಾರ್ ನಿರ್ಗಮನ ಕೇಂದ್ರಗಳನ್ನು, ಅಂದರೆ ಆ ಮೂರನೆಯ ಕಂಪ್ಯೂಟರ್‌ಗಳನ್ನು, ತಾನೇ ನಡೆಸಿ, ಅಲ್ಲಿ ಬಯಲಾಗಿ ಹರಿದುಹೋಗುತ್ತಿದ್ದ ಇಮೇಲ್ ಪಾಸ್‌ವರ್ಡ್‌ಗಳನ್ನು ಹಿಡಿದು ಪ್ರಕಟಿಸಿದ. ಭಾರತವೂ ಸೇರಿದಂತೆ ಹಲವು ದೇಶಗಳ ರಾಯಭಾರ ಕಚೇರಿಗಳ ಖಾತೆಗಳು ಅದರಲ್ಲಿದ್ದವು. ಟಾರ್ ಬಳಸಿದರೆ ಕೊನೆಯವರೆಗೂ ಗೂಢಲಿಪಿ ಇರುತ್ತದೆಂದು ಬಳಸಿದವರು ನಂಬಿದ್ದರೇನೋ. ಆ ಮೂರನೆಯ ಕಂಪ್ಯೂಟರ್‌ನಿಂದಾಚೆಗೆ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಎಲ್ಲವೂ ಬಯಲು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ, 2011ರ ಜನವರಿ ಕೊನೆಯಲ್ಲಿ ಈಜಿಪ್ಟಿನಲ್ಲಿ ಮಾಡಿದಂತೆ ಇಂಟರ್ನೆಟ್ಟನ್ನೇ ಆರಿಸಿಬಿಟ್ಟರೆ ನಿನ್ನ ತಂತ್ರಾಂಶಕ್ಕೆ ಯಾವ ಕೆಲಸವೂ ಇಲ್ಲ. ಒಂದೇ ಕಣ್ಣು ದಾರಿಯ ಎರಡೂ ತುದಿಗಳನ್ನು ಒಟ್ಟಿಗೆ ನೋಡುತ್ತಿದ್ದರೆ ಸಮಯ ಹೊಂದಿಸಿ ಗುರುತು ಹಿಡಿಯಬಹುದು. ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆ. ನೂರಕ್ಕೆ ನೂರು ಸುರಕ್ಷಿತ ಎಂದು ಪ್ರಚಾರ ವಿಭಾಗದವರು ಬರೆದರೆ ಜಗಳ ಆಡಿ ಅಳಿಸಿಸು.

ಲಾಗ್ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ದೋಷ ಹುಡುಕಲು ಬೇಕಾಗಬಹುದು ಅಂತ ಎಲ್ಲವನ್ನೂ ಬರೆದಿಡುವ ಚಟ ನಮ್ಮ ಕಸುಬಿನವರಿಗೆಲ್ಲ ಇದೆ. ನಿನ್ನ ಹತ್ತಿರ ಇಲ್ಲದ್ದನ್ನು ಯಾವ ಪೊಲೀಸೂ ಕೇಳಲಾರ, ಯಾವ ಕಳ್ಳನೂ ಕದಿಯಲಾರ.

ಇನ್ನು ನಿನ್ನಪ್ಪನ ಪ್ರಶ್ನೆ. ಅದು ದಡ್ಡ ಪ್ರಶ್ನೆಯಲ್ಲ, ಹಾಗೆ ನೋಡಬೇಡ. ಸಿಲ್ಕ್ ರೋಡ್ ಎಂಬ ಮಾದಕ ವಸ್ತುಗಳ ಸಂತೆ ನಡೆದದ್ದು ಟಾರ್ ಮೇಲೆಯೇ. ಅದಕ್ಕಿಂತ ಹೊಲಸಾದ್ದೂ ನಡೆಯುತ್ತದೆ. ನಾನು ಬರೀ ಕೋಡ್ ಬರೆಯುವವಳು, ಬಳಕೆ ನನ್ನ ಹೊಣೆಯಲ್ಲ ಎಂದು ಕೈ ತೊಳೆದುಕೊಂಡರೆ ನನಗೆ ಬೇಜಾರಾಗುತ್ತದೆ. ಆದರೆ ಆ ಸಂತೆ ನಡೆಸಿದವನು ಸಿಕ್ಕಿಬಿದ್ದದ್ದು ಹೇಗೆ ನೋಡು. ಶುರುವಿನಲ್ಲಿ ಪ್ರಚಾರಕ್ಕೆಂದು ಹಾಕಿದ ಬರಹಗಳ ಜಾಡು ಅವನ ಸ್ವಂತ ಹೆಸರಿನ ಇಮೇಲ್‌ಗೆ ಹೋಗಿ ಮುಟ್ಟಿತು. 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಲ್ಯಾಪ್‌ಟಾಪ್ ತೆರೆದಿರುವಾಗಲೇ ಅವನನ್ನು ಹಿಡಿದರು. ಹಳೇ ಕಾಲದ ಪೊಲೀಸ್ ಕೆಲಸ. ಎಲ್ಲರ ಮನೆಗೂ ಕಿಂಡಿ ಕೊರೆಯದೆ ಒಬ್ಬ ಕಳ್ಳನನ್ನು ಹಿಡಿಯಬಹುದು. ಪ್ರತಿ ಸಲ ಹಿಡಿಯಲಾಗುವುದಿಲ್ಲ ಎನ್ನುವುದೂ ನಿಜ. ಆ ಭಾರ ನಿನ್ನ ಮೇಲೆ ಇದ್ದೇ ಇರುತ್ತದೆ. ಇಲ್ಲವೆಂದು ನಟಿಸಿದವರು ಬೇಗ ಒರಟಾಗುತ್ತಾರೆ.

ಖಾಸಗಿತನವೆಲ್ಲ ಹುಡುಗರ ಹುಚ್ಚು ಎಂದು ನಿನ್ನಪ್ಪ ಮತ್ತೆ ಅಂದರೆ ನಮ್ಮ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ನಿನ್ನಪ್ಪ ಹಿರಿಯರ ಮಾತಿಗೆ ಬೆಲೆ ಕೊಡುವವನು.

ಧೈರ್ಯ ಬೇರೆ, ಹುಂಬತನ ಬೇರೆ. ಮನೆಯ ಸಂಪರ್ಕದಲ್ಲಿ ನಿರ್ಗಮನ ಕೇಂದ್ರ ನಡೆಸಬೇಡ. ಯಾರೋ ಮಾಡಿದ್ದಕ್ಕೆ ನಿನ್ನ ಐಪಿ ವಿಳಾಸ ಕಾಣಿಸುತ್ತದೆ. ಮಾಸ್ಕೊದ ಗಣಿತದ ಮೇಷ್ಟ್ರು ದಿಮಿತ್ರಿ ಬೊಗಾಟೊವ್ ಮನೆಯಲ್ಲಿ ಅದನ್ನು ನಡೆಸುತ್ತಿದ್ದರು. 2017ರ ಏಪ್ರಿಲ್‌ನಲ್ಲಿ, ಬೇರೆಯವರು ಹಾಕಿದ ಬರಹಕ್ಕೆ ಅವರನ್ನು ಬಂಧಿಸಿದರು. ಕೆಲವು ತಿಂಗಳು ಜೈಲು, ಆಮೇಲೆ ಗೃಹಬಂಧನ. ಆರೋಪ ಕೈಬಿಟ್ಟದ್ದು 2018ರ ಮೇನಲ್ಲಿ. ಅಷ್ಟು ದಿನ ಅವರ ಹೆಂಡತಿ ಏನು ಅನುಭವಿಸಿರಬಹುದೆಂದು ಯೋಚಿಸು. ಸ್ನೋಫ್ಲೇಕ್ ವಿಸ್ತರಣೆಯನ್ನು ಬ್ರೌಸರ್‌ಗೆ ಹಾಕಿಕೊಂಡರೆ ಆ ತೊಂದರೆ ಇಲ್ಲ, ಅದು ದಾರಿಯ ಮೊದಲ ಹೆಜ್ಜೆ ಮಾತ್ರ, ಬಳಸಿದವರು ನೋಡಿದ ತಾಣಕ್ಕೆ ನಿನ್ನ ವಿಳಾಸ ಕಾಣುವುದಿಲ್ಲ. ನಾನೇ ಹಾಕಿಕೊಂಡಿದ್ದೇನೆ. ಸಂಬಳದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಈ ಕೆಲಸ ಅನುದಾನದ ಮೇಲೆ ನಡೆಯುವುದು, ಒಂದು ವರ್ಷ ಇರುತ್ತದೆ, ಮರುವರ್ಷ ಇರುವುದಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ರಾಜೀನಾಮೆ ಕೊಡು.

ಕಡೆಯದಾಗಿ, ಒಬ್ಬಳೇ ಹೊರಬೇಡ. ಎಕ್ಸ್‌ಝಡ್ ಎಂಬ ಪುಟ್ಟ ಸಂಕುಚನ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬನೇ ಸ್ವಯಂಸೇವಕ. ದಣಿದಿದ್ದ. 2022ರಲ್ಲಿ ಗುರುತಿಲ್ಲದ ಕೆಲವರು ಕೆಲಸ ತಡವಾಯಿತೆಂದು ಅವನನ್ನು ಪೀಡಿಸಿದರು. ಅದೇ ಹೊತ್ತಿಗೆ ಜಿಯಾ ತಾನ್ ಎಂಬ ಹೆಸರಿನ, ಬಹಳ ವಿನಯದ ಸಹಾಯಕ ಹತ್ತಿರವಾದ. ನಿಧಾನವಾಗಿ ಬಿಡುಗಡೆಯ ಅಧಿಕಾರವೂ ಅವನ ಕೈಗೆ ಬಂತು, ಜೊತೆಗೆ ಹಿಂಬಾಗಿಲೂ ಒಳಗೆ ಬಂತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿ ನೋಡದಿದ್ದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಬಾಗಿಲು ತೆರೆದಿರುತ್ತಿತ್ತು. ಜಿಯಾ ತಾನ್ ಯಾರೆಂದು ಬಯಲಾಗಲಿಲ್ಲ. ಅನಾಮಿಕತೆಗಾಗಿ ದುಡಿಯುವ ನಿಮ್ಮಂಥವರಿಗೆ ಇದು ಮುಜುಗರದ ಕಥೆ. ನಿಮ್ಮ ಯೋಜನೆಗೂ ಗುಪ್ತನಾಮದವರು ಕೋಡ್ ಕಳಿಸುತ್ತಾರೆ, ಅವರಲ್ಲಿ ಕೆಲವರಿಗೆ ಹೆಸರು ಹೇಳಿದರೆ ಜೀವಕ್ಕೇ ಅಪಾಯ. ಆದ್ದರಿಂದ ಗುರುತಿನ ಚೀಟಿ ಕೇಳುವುದು ಪರಿಹಾರವಲ್ಲ. ಬಂದ ಕೋಡನ್ನು, ಪರೀಕ್ಷೆಗೆಂದು ಸೇರಿಸಿದ ಕಡತಗಳನ್ನೂ ಬಿಡದೆ, ಇಬ್ಬರು ಕೂತು ಓದಬೇಕು. ಬಿಡುಗಡೆಗೆ ಸಹಿ ಹಾಕುವ ಕೀಲಿ ಒಬ್ಬರ ಕೈಯಲ್ಲೇ ಇರಬಾರದು. ಆ ಸ್ವಯಂಸೇವಕನಂತೆ ನೀನೂ ದಣಿಯಬೇಡ, ಹಬ್ಬಕ್ಕೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ಬೆಂಗಳೂರಲ್ಲೇ ಇರಲಿ. ನಡುರಾತ್ರಿ ಬಂದ ಪ್ಯಾಚನ್ನು, ಕಳಿಸಿದವರು ಎಷ್ಟೇ ಅವಸರ ಮಾಡಿದರೂ, ಬೆಳಿಗ್ಗೆ ಕಾಫಿ ಕುಡಿದ ಮೇಲೆ ಓದು.

ಇಂತಿ,
ನಿನ್ನ ದೊಡ್ಡಪ್ಪ